ಶೇಂಗಾ ಹೊಲದಿಂದ ಸಂಸತ್ತಿನ ಪ್ರಶ್ನೆಯವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ರದುರ್ಗಕ್ಕೂ ಸಮುದ್ರಕ್ಕೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ನಾನು ಚಳ್ಳಕೆರೆ ಕಡೆ ಕೈ ತೋರಿಸುತ್ತೇನೆ. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಊರು ಅದು. ಸುತ್ತ ಎಲ್ಲಿ ನೋಡಿದರೂ ಶೇಂಗಾ ಹೊಲ. ಆದರೆ ನಮ್ಮ ದೇಶದಲ್ಲಿ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಹಡಗಿನಲ್ಲಿ ಬರುತ್ತದೆ. ತಾಳೆ ಎಣ್ಣೆ ಇಂಡೊನೇಷ್ಯಾ, ಮಲೇಷ್ಯಾದಿಂದ ಬರುತ್ತದೆ. ನಮ್ಮ ಮಂಗಳೂರು ಬಂದರಿನಲ್ಲೂ ಇಳಿಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗೆ ಶೇ 20ರಷ್ಟು ಮೂಲ ಆಮದು ಸುಂಕ ಹಾಕಿತು. 2025ರ ಮೇ ಕೊನೆಯಲ್ಲಿ ಅದನ್ನು ಶೇ 10ಕ್ಕೆ ಇಳಿಸಿತು. ಮೇ ಕೊನೆ ಅಂದರೆ ನಮ್ಮ ಕಡೆ ಮುಂಗಾರು ಬಿತ್ತನೆಗೆ ಹೊಲ ಹಸನು ಮಾಡಿಕೊಳ್ಳುವ ಹೊತ್ತು. ಬೀಜ, ಗೊಬ್ಬರಕ್ಕೆ ಕೈಸಾಲ ಮಾಡುವ ಹೊತ್ತು.

ಎಣ್ಣೆ ಬೆಲೆ ಇಳಿಯಲಿ ಅನ್ನುವುದು ಕೊಳ್ಳುವವರ ಕಡೆಯಿಂದ ನ್ಯಾಯವೇ. ಬೆಳೆದವನ ಕಡೆಯ ಲೆಕ್ಕವನ್ನು ಯಾರಾದರೂ ಕೇಳಬೇಕಲ್ವಾ? ಕೇಳುವುದು ಅಷ್ಟು ಸುಲಭವಲ್ಲ. ಸುಂಕ ಹಣಕಾಸು ಮಂತ್ರಿಗಳ ಕೈಯಲ್ಲಿದೆ. ಬಂದರಿಗೆ ಬೇರೆ ಮಂತ್ರಿ. ಬೆಂಬಲ ಬೆಲೆಗೆ ಕೃಷಿ ಮಂತ್ರಿ. ರಸ್ತೆಗೆ ಒಬ್ಬರು, ರೈಲಿಗೆ ಇನ್ನೊಬ್ಬರು. ಒಂದು ಮೂಟೆ ಶೇಂಗಾದ ಬದುಕು ಐದು ಖಾತೆಗಳಿಗೆ ಹಂಚಿಹೋಗಿದೆ. ಈ ಐದೂ ಕಡೆ ಹೋಗಿ ಉತ್ತರ ಕೇಳುವ ಹಕ್ಕು ಇರುವುದು ನಾವು ಆರಿಸಿ ಕಳಿಸಿದವರಿಗೆ. ಕಾನೂನು ಮಾಡುವುದಕ್ಕೆ ಬಹುಮತ ಬೇಕು. ಪ್ರಶ್ನೆ ಕೇಳುವುದಕ್ಕೆ ಒಬ್ಬರೇ ಸಾಕು, ಯಾವ ಪಕ್ಷದವರಾದರೂ ಸರಿ.

ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ಪ್ರಶ್ನೆಯನ್ನು ಕನಿಷ್ಠ 15 ದಿನ ಮೊದಲೇ ಬರೆದು ಕೊಡಬೇಕು. ಯಾರ ಪ್ರಶ್ನೆ ಮೊದಲು ಅನ್ನುವುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆ ದಿನಕ್ಕೆ 20. ಇವಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆಗಳೂ ಬರುತ್ತವೆ. ಚುಕ್ಕೆ ಗುರುತಿಲ್ಲದವು 230. ಇವಕ್ಕೆ ಉತ್ತರ ಕಾಗದದಲ್ಲಿ ಬರುತ್ತದೆ. ಇಪ್ಪತ್ತೂ ಚುಕ್ಕೆ ಪ್ರಶ್ನೆ ಒಂದು ಗಂಟೆಯಲ್ಲಿ ಮುಗಿಯುವುದು ಅಪರೂಪ. ಗಲಾಟೆಯಾಗಿ ಸದನ ಮುಂದೂಡಿದರೆ ಆ ಗಂಟೆಯೇ ಹೋಯಿತು. ನನಗೆ ಬಹಳ ನೋವಾಗುವುದು ಇಲ್ಲೇ. ಲಾಟರಿಯಲ್ಲಿ ಹೆಸರು ಬಂದು, ಮಂತ್ರಿ ಉತ್ತರ ಹಿಡಿದು ಕೂತಿರುವಾಗ ಆ ಗಂಟೆ ಕೈತಪ್ಪಿದರೆ ನಷ್ಟ ಪ್ರಶ್ನೆ ಕಳಿಸಿದ ಊರಿಗೆ.

ಒಂದು ಪ್ರಶ್ನೆಯಿಂದ ಏನಾಗುತ್ತದೆ ಅನ್ನುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1957ರಲ್ಲಿ ಎಲ್‌ಐಸಿಯಲ್ಲಿದ್ದ ಜನರ ಹಣವನ್ನು ಹರಿದಾಸ್ ಮುಂದ್ರಾ ಅನ್ನುವ ಉದ್ಯಮಿಯ ಕಂಪನಿಗಳಲ್ಲಿ ಹಾಕಿದ್ದರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಎದ್ದಿತು. ಅದನ್ನು ಬಿಡದೆ ಹಿಡಿದವರು ಫಿರೋಜ್ ಗಾಂಧಿ. ಅವರು ಆಡಳಿತ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ. ಕೊನೆಗೆ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗದಿಂದ ವಿಚಾರಣೆ ನಡೆಯಿತು. 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ನಮ್ಮ ನೆಲದವರ ಮಾತೂ ಹೇಳಬೇಕು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಗೆ ಹೋದರು. ಅಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದವರು ಅವರೇ. ಭಾಷೆ ಬರುವುದಿಲ್ಲ ಅಂತ ನಮ್ಮ ಪ್ರತಿನಿಧಿಗಳು ಸುಮ್ನೆ ಕೂರಬೇಕಾಗಿಲ್ಲ ಅನ್ನುವುದು ಅಂದೇ ಇತ್ಯರ್ಥವಾಗಿದೆ.

ಈಗ ಪ್ರಶ್ನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ವಿಧಾನಸಭೆಯ ಪ್ರಶ್ನೋತ್ತರದ ಹಾಳೆಯಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. "(ಅ) ಇಂಥ ಕಾಮಗಾರಿ ವಿಳಂಬವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಬಲಗಡೆ ಒಂದೇ ಪದ, "ಬಂದಿದೆ." "(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಬಲಗಡೆ, "ಕಾಮಗಾರಿ ಪ್ರಗತಿಯಲ್ಲಿದೆ." ಅಲ್ಲಿಗೆ ಮುಗಿಯಿತು. ಗಮನಕ್ಕೆ "ಬಂದಿರುವುದಿಲ್ಲ" ಅಂದುಬಿಟ್ಟರಂತೂ ಮುಂದಿನ ಎಲ್ಲಾ ಪ್ರಶ್ನೆಗಳಿಗೂ "ಉದ್ಭವಿಸುವುದಿಲ್ಲ" ಅನ್ನುವುದೇ ಉತ್ತರ. ಹೀಗೆ ಪೂರ್ತಿ ಪುಟ ತುಂಬಿರುತ್ತದೆ, ಊರಿಗೆ ಸಿಕ್ಕಿದ್ದು ಏನೂ ಇಲ್ಲ. ತಪ್ಪು ಉತ್ತರದ್ದು ಮಾತ್ರ ಅಲ್ಲ. ಪ್ರಶ್ನೆ ಸಡಿಲವಾಗಿದ್ದರೆ ಉತ್ತರ ನುಣುಚಿಕೊಳ್ಳುತ್ತದೆ.

ತುಮಕೂರು, ಚಿತ್ರದುರ್ಗ, ದಾವಣಗೆರೆ ನೇರ ರೈಲು ಮಾರ್ಗವನ್ನೇ ತಗೊಳ್ಳಿ. 2011-12ರಲ್ಲಿ ಮಂಜೂರಾದ ಯೋಜನೆ. ಸುಮಾರು 191 ಕಿಲೋಮೀಟರ್. ಖರ್ಚಿನಲ್ಲಿ ಕೇಂದ್ರ ಅರ್ಧ, ರಾಜ್ಯ ಅರ್ಧ. ಭೂಮಿ ಕೊಡಿಸುವುದು ರಾಜ್ಯದ ಹೊಣೆ. ಶಿರಾ, ಹಿರಿಯೂರು, ಭರಮಸಾಗರದ ಜನ ಆಗಿನಿಂದ ಕಾಯುತ್ತಿದ್ದಾರೆ. ದುರ್ಗದಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ಮೊದಲು ಚಿಕ್ಕಜಾಜೂರಿಗೆ ಹೋಗಿ, ಬೀರೂರು, ಅರಸೀಕೆರೆ ಸುತ್ತಿ ಬರಬೇಕು. ಮಾರ್ಗ ತಡವಾಗುತ್ತಿದೆಯೇ ಅಂತ ದೆಹಲಿಯಲ್ಲಿ ಕೇಳಿದರೆ ರಾಜ್ಯದಿಂದ ಭೂಮಿ ಪೂರ್ತಿ ಕೈಗೆ ಬಂದಿಲ್ಲ ಅನ್ನುವ ದಾರಿ ಇದೆ. ಬೆಂಗಳೂರಿನಲ್ಲಿ ಕೇಳಿದರೆ ಕೆಲಸ ರೈಲ್ವೆಯವರದು ಅನ್ನುವ ದಾರಿ ಇದೆ.

ಅದಕ್ಕೆ ಕೇಳುವ ರೀತಿ ಬೇರೆಯಾಗಬೇಕು. ತಾಲ್ಲೂಕುವಾರು ಎಷ್ಟು ಎಕರೆ ಬೇಕಿತ್ತು, ಎಷ್ಟು ಎಕರೆ ಯಾವ ತಾರೀಕಿಗೆ ರೈಲ್ವೆಗೆ ಹಸ್ತಾಂತರವಾಯಿತು? ವರ್ಷವಾರು ಕೇಂದ್ರ ಎಷ್ಟು ಖರ್ಚು ಮಾಡಿತು, ರಾಜ್ಯ ಎಷ್ಟು? ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ ಟೆಂಡರ್ ಆಗಿದೆ? ಇದೇ ಪ್ರಶ್ನೆಯನ್ನು ಸಂಸದರು ದೆಹಲಿಯಲ್ಲೂ ಶಾಸಕರು ಬೆಂಗಳೂರಿನಲ್ಲೂ ಆಸುಪಾಸಿನ ದಿನಗಳಲ್ಲೇ ಕೇಳಬೇಕು. ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ಕೆಲಸ ಎಲ್ಲಿ ನಿಂತಿದೆ ಅನ್ನುವುದು ಯಾರೂ ಹೇಳದೆಯೇ ಗೊತ್ತಾಗುತ್ತದೆ. ಸಂಸದರು ಒಂದು ಪಕ್ಷ, ಶಾಸಕರು ಇನ್ನೊಂದು ಪಕ್ಷ ಇದ್ದರೂ ಅಡ್ಡಿಯಿಲ್ಲ. ಇಬ್ಬರಿಗೂ ಓಟು ಹಾಕಿದವರು ನಾವೇ.

ಭದ್ರಾ ಮೇಲ್ದಂಡೆಗೂ ಈ ಮಾತು ಅನ್ವಯಿಸುತ್ತದೆ. 2023ರ ಫೆಬ್ರುವರಿ 1ರ ಬಜೆಟ್‌ನಲ್ಲಿ ಕೇಂದ್ರ ಹಣಕಾಸು ಮಂತ್ರಿಗಳು ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಿದರು. ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಹನಿ ನೀರಾವರಿ ಮುಟ್ಟಿಸುವ ಯೋಜನೆ ಇದು. ಇದರಲ್ಲಿ ಹೊಸದುರ್ಗ, ಹಿರಿಯೂರು, ಜಗಳೂರಿನ ಒಣ ಹೊಲಗಳೂ ಇವೆ. ಘೋಷಣೆಯಾದ ಮೊತ್ತದಲ್ಲಿ ಬಿಡುಗಡೆಯಾಗಿದ್ದು ಎಷ್ಟು, ಉಳಿದದ್ದಕ್ಕೆ ಯಾವ ಕಾಗದ ಯಾವ ಇಲಾಖೆಯಲ್ಲಿದೆ? ಇಷ್ಟನ್ನೇ ಪ್ರತಿ ಅಧಿವೇಶನದಲ್ಲೂ ಕೇಳಬೇಕು. ಹಳೆಯ ಪ್ರಶ್ನೆ ಅಂತ ನಾಚಿಕೆ ಬೇಡ.

ರಸ್ತೆ, ಬಸ್ಸಿನ ವಿಷಯ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್‌ನಲ್ಲಿ ಶುರುವಾಯಿತು. ಬಯಲು ಸೀಮೆಯಲ್ಲಿ 500 ಜನರಿಗಿಂತ ಕಡಿಮೆ ಇರುವ ವಸತಿ ಪ್ರದೇಶ ಅದರ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಗೊಲ್ಲರಹಟ್ಟಿಗಳು, ತಾಂಡಾಗಳು ಚಿಕ್ಕವು. ಮುಖ್ಯ ಊರಿಗೆ ಡಾಂಬರು ಬಂದರೂ ಹಟ್ಟಿಗೆ ಮಣ್ಣಿನ ದಾರಿಯೇ ಉಳಿಯುತ್ತದೆ. ಮಳೆಯಲ್ಲಿ ಹೆರಿಗೆ ನೋವು ಬಂದವರನ್ನು ಆ ದಾರಿಯಲ್ಲಿ ಕರೆತರುವುದು ಹೇಗೆ? ಯಾವ ಹಟ್ಟಿ ಬಿಟ್ಟುಹೋಗಿದೆ ಅನ್ನುವುದನ್ನು ಹೆಸರು ಹಿಡಿದು ಕೇಳಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಒಳ್ಳೆಯ ಯೋಜನೆ, ಇರಲೇಬೇಕು. ಆದರೆ ದಾವಣಗೆರೆ, ಚಿತ್ರದುರ್ಗದ ಬಹಳ ಹಳ್ಳಿಗಳಿಗೆ ಖಾಸಗಿ ಬಸ್ಸೇ ಗತಿ. ಅಲ್ಲಿನ ತಾಯಂದಿರು ಈಗಲೂ ದುಡ್ಡು ಕೊಟ್ಟೇ ಸಂತೆಗೆ ಬರುತ್ತಾರೆ. ಸಾರಿಗೆ ಮಂತ್ರಿಗಳನ್ನು ಯೋಜನೆ ಯಶಸ್ವಿಯಾಗಿದೆಯೇ ಅಂತ ಕೇಳಿದರೆ ಹೌದು ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಸರ್ಕಾರಿ ಬಸ್ಸು ಹೋಗದ ಗ್ರಾಮಗಳ ಪಟ್ಟಿ ಕೊಡಿ ಅಂತ ಕೇಳಿದರೆ ಪಟ್ಟಿ ಕೊಡಬೇಕಾಗುತ್ತದೆ.

ಮತ್ತೆ ಬಂದರಿನ ಮಾತಿಗೆ ಬರುತ್ತೇನೆ, ಯಾಕೆಂದರೆ ನಮ್ಮ ಕಡೆಯವರು ಇದನ್ನು ಕೇಳುವುದೇ ಕಡಿಮೆ. ನಮ್ಮ ಜಿಲ್ಲೆಗಳಿಂದ ಕರಾವಳಿಗೆ ಸರಕು ಹೋಗಬೇಕಾದರೆ ಘಟ್ಟ ಇಳಿಯಬೇಕು. ಆಗುಂಬೆಯಲ್ಲಿ ಭಾರಿ ಲಾರಿಗಳನ್ನು ಬಿಡುವುದಿಲ್ಲ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ನಾವು ಹೊಲಕ್ಕೆ ಹಾಕುವ ಪೊಟ್ಯಾಷ್ ಕೂಡ ಹೊರದೇಶದಿಂದ ಹಡಗಿನಲ್ಲೇ ಬರುವ ಸರಕು. ಬಿತ್ತನೆ ಹೊತ್ತಿಗೆ ಗೊಬ್ಬರ ಇಲ್ಲ ಅಂತ ಸೊಸೈಟಿ ಮುಂದೆ ಸಾಲು ನಿಂತಾಗ ನಾವು ಕಾರ್ಯದರ್ಶಿಯನ್ನು ಬೈಯುತ್ತೇವೆ. ಹಡಗು ಯಾವಾಗ ಬಂತು, ಗೊಬ್ಬರ ತರುವ ಗೂಡ್ಸ್ ರೈಲು ಯಾವಾಗ ಸಿಕ್ಕಿತು, ಜಿಲ್ಲೆಗೆ ಎಷ್ಟು ಟನ್ ಹಂಚಿಕೆಯಾಯಿತು ಅನ್ನುವುದನ್ನು ಬಂದರು ಮಂತ್ರಿ, ರೈಲ್ವೆ ಮಂತ್ರಿ, ರಸಗೊಬ್ಬರ ಮಂತ್ರಿ ಮೂವರಿಗೂ ಒಂದೇ ಅಧಿವೇಶನದಲ್ಲಿ ಕೇಳಿದ ಪ್ರತಿನಿಧಿಯೇ ನಿಜವಾಗಿ ನಮ್ಮ ಕೆಲಸ ಮಾಡಿದ ಹಾಗೆ.

ಅವರಿಗೆ ಈ ವಿವರ ಎಲ್ಲಿಂದ ಬರಬೇಕು? ನಮ್ಮಿಂದಲೇ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಒಂದು ಪತ್ರ ಬರೆಯಿರಿ. ಒಂದೇ ವಿಷಯ ಇರಲಿ. ಊರಿನ ಹೆಸರು, ಸರ್ವೆ ನಂಬರ್ ಅಥವಾ ರಸ್ತೆಯ ಹೆಸರು, ಹಿಂದೆ ಕೊಟ್ಟ ಅರ್ಜಿಯ ತಾರೀಕು ಹಾಕಿ. ಸಂಸತ್ತಿನ ಉತ್ತರಗಳೆಲ್ಲ ಅದರ ಜಾಲತಾಣದಲ್ಲಿ ಸಿಗುತ್ತವೆ. ಊರಿನ ಕಾಲೇಜು ಹುಡುಗರಿಗೆ ಹೇಳಿದರೆ ಫೋನಿನಲ್ಲೇ ತೆಗೆದು ಓದುತ್ತಾರೆ.

ಉತ್ತರದಲ್ಲಿ "ಪರಿಶೀಲನೆಯಲ್ಲಿದೆ" ಅಂತ ಇದ್ದರೆ ಅಲ್ಲಿಗೇ ಬಿಡಬೇಡಿ. ಸದನದಲ್ಲಿ ಮಂತ್ರಿ ಆಡಿದ ಅಂಥ ಮಾತು ಭರವಸೆ ಅಂತ ಲೆಕ್ಕ. ಅದನ್ನು ನೋಡಿಕೊಳ್ಳುವುದಕ್ಕೇ ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ, ನಮ್ಮ ವಿಧಾನಸಭೆಯಲ್ಲೂ ಇದೆ. ಸಂಸತ್ತಿನಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಹೆಚ್ಚಿನ ಸಮಯ ಕೇಳಬೇಕು. ಉತ್ತರದ ಹಾಳೆಯ ಮೇಲೆ ತಾರೀಕು ಇರುತ್ತದೆ. ಅಲ್ಲಿಂದ ಮೂರು ತಿಂಗಳು ಎಣಿಸಿ, ಆ ಹಾಳೆಯ ಜೆರಾಕ್ಸ್ ಜೊತೆಗಿಟ್ಟು ನಿಮ್ಮ ಸಂಸದರಿಗೆ ಎರಡನೇ ಪತ್ರ ಹಾಕಿ.

ನಮಸ್ಕಾರ.