ಎರಡು ಲೀಟರ್ ನೀರು, ಎರಡು ಸಾವಿರ ಲೀಟರ್ ಗಾಳಿ

ಕೇಳುಗರೇ, ನಮಸ್ಕಾರ.

ಕಾರು ಅತಿಯಾಗಿ ಬಿಸಿಯಾಗುತ್ತಿದೆ ಎಂದು ಯಾರಾದರೂ ಬಂದರೆ ನಾನು ತಕ್ಷಣ ಬಾನೆಟ್ ಎತ್ತುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಬಿಸಿಯೇರುವುದು ನಿಂತಾಗಲೋ, ಓಡುವಾಗಲೋ? ಅರ್ಧ ರೋಗ ಈ ಉತ್ತರದಲ್ಲೇ ಪತ್ತೆಯಾಗುತ್ತದೆ. ಸಿಗ್ನಲ್‌ನಲ್ಲಿ ಉಷ್ಣತೆ ತೋರಿಸುವ ಮುಳ್ಳು ಮೇಲೇರಿ, ವೇಗ ಹಿಡಿದ ಮೇಲೆ ಇಳಿದರೆ ಫ್ಯಾನಿನ ಕಡೆ ನೋಡಬೇಕು. ಊರೊಳಗೆ ತಣ್ಣಗಿದ್ದದ್ದು ಹೆದ್ದಾರಿಯಲ್ಲೋ ರೇಸ್ ಟ್ರ್ಯಾಕಿನಲ್ಲೋ ಕುದಿಯತೊಡಗಿದರೆ ಎಂಜಿನ್ನಿನ ಬಿಸಿ ಹೊತ್ತು ಬಂದ ನೀರನ್ನು ಗಾಳಿಯಿಂದ ತಣಿಸುವ ರೇಡಿಯೇಟರ್, ನೀರಿನ ಹರಿವು, ಗಾಳಿಯ ದಾರಿ ಇವುಗಳಲ್ಲಿ ಎಲ್ಲೋ ತೊಡಕಿದೆ. ಊರೊಳಗಿನ ರಸ್ತೆಯದು ಗಾಳಿ ಸಾಲದ ಕಷ್ಟ, ಟ್ರ್ಯಾಕಿನದು ಉರಿ ಹೆಚ್ಚಾದ ಕಷ್ಟ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಉರಿ ಎಷ್ಟು ಹೆಚ್ಚು? ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಸೈಲೆನ್ಸರ್ ದಾರಿಯಲ್ಲಿ ಹೊರಟುಹೋಗುತ್ತದೆ. ಉಳಿದದ್ದು ನೀರಿಗೆ, ಎಣ್ಣೆಗೆ, ಎಂಜಿನ್ನಿನ ಮೈಗೆ. 300 ಅಶ್ವಶಕ್ತಿಯ ಕಾರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಗಲು ಆ ಶಕ್ತಿಯ ಹತ್ತನೆಯ ಒಂದು ಭಾಗವೇ ಸಾಕು. ಟ್ರ್ಯಾಕಿನಲ್ಲಿ ಹಾಗಲ್ಲ. ತಿರುವು ಮುಗಿದದ್ದೇ ಆಕ್ಸಿಲರೇಟರ್ ನೆಲ ಮುಟ್ಟುತ್ತದೆ, ಇಪ್ಪತ್ತು ನಿಮಿಷ ಅದೇ ಕತೆ.

ಈಗ ಒಂದು ಸಣ್ಣ ಲೆಕ್ಕ. ರೇಡಿಯೇಟರಿಗೆ ಬರುವ ಬಿಸಿ 100 ಕಿಲೋವಾಟ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಎರಡು ಲೀಟರ್ ನೀರು ಹರಿದರೆ, ಅಷ್ಟೂ ಬಿಸಿಯನ್ನು ಹೊತ್ತುಕೊಂಡ ನೀರಿನ ಉಷ್ಣತೆ ಏರುವುದು 12 ಡಿಗ್ರಿ ಮಾತ್ರ. ನೀರು ಅಂಥ ಗಟ್ಟಿ ಹಮಾಲಿ. ಅದೇ ಹೊರೆಯನ್ನು ಗಾಳಿಯ ಹೆಗಲಿಗೆ ಹಾಕಿ. ಗಾಳಿ 40 ಡಿಗ್ರಿಯಷ್ಟು ಬಿಸಿಯೇರುತ್ತದೆ ಎಂದುಕೊಂಡರೂ ಸೆಕೆಂಡಿಗೆ ಸುಮಾರು ಎರಡು ಸಾವಿರ ಲೀಟರ್ ಗಾಳಿ ಬೇಕು. ಆ ಕಡೆ ಎರಡು ಲೀಟರ್, ಈ ಕಡೆ ಎರಡು ಸಾವಿರ. ಹೀಗಿದ್ದೂ ನಾವು ದುಡ್ಡು ಸುರಿಯುವುದು ದಪ್ಪ ರೇಡಿಯೇಟರಿಗೆ, ದೊಡ್ಡ ಪಂಪಿಗೆ, ನೀರಿಗೆ ಬೆರೆಸುವ ಬಣ್ಣಬಣ್ಣದ ಕೂಲಂಟಿಗೆ. ಗಾಳಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ವಿಚಾರಿಸುವವರು ಕಡಿಮೆ.

ಗಾಳಿ ಮಹಾ ಸೋಮಾರಿ. ರೇಡಿಯೇಟರಿನ ಇಕ್ಕಟ್ಟಾದ ರೆಕ್ಕೆಗಳ ನಡುವೆ ನುಸುಳುವುದಕ್ಕಿಂತ ಪಕ್ಕದ ಸಂದಿಯಲ್ಲಿ ಜಾರಿಕೊಳ್ಳುವುದೇ ಅದಕ್ಕೆ ಸಲೀಸು. ಕತ್ತಲಾದ ಮೇಲೆ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಗ್ರಿಲ್ಲಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ರೇಡಿಯೇಟರಿನ ಅಕ್ಕಪಕ್ಕ, ಮೇಲೆ, ಕೆಳಗೆ ಎಲ್ಲೆಲ್ಲಿ ಬೆಳಕು ಆಚೆಗೆ ದಾಟುತ್ತದೆಯೋ ಅಲ್ಲೆಲ್ಲ ಗಾಳಿಯೂ ದಾಟುತ್ತದೆ. ಅಂಗೈ ಅಗಲದ ಸಂದಿಗಳು ಕಂಡರೆ ಗಾಬರಿಯಾಗಬೇಡಿ, ಕಾಣುವುದೇ ಹೆಚ್ಚು. ತೆಳುವಾದ ಅಲ್ಯೂಮಿನಿಯಂ ತಗಡು, ಬಿಸಿ ತಡೆಯುವ ಫೋಮ್ ಪಟ್ಟಿ, ಒಂದು ಭಾನುವಾರದ ಬಿಡುವು ಇಷ್ಟಿದ್ದರೆ ಅವನ್ನು ಮುಚ್ಚಬಹುದು. ಬಂಪರಿನ ಬಾಯಿ ರೇಡಿಯೇಟರಿನಷ್ಟೇ ಅಗಲವಾಗಿರಬೇಕೆಂದೇನೂ ಇಲ್ಲ. ಚಿಕ್ಕ ಬಾಯಿಯಿಂದ ಹೊಕ್ಕ ಗಾಳಿ ಕ್ರಮೇಣ ಅಗಲವಾಗುವ ಕೊಳವೆಯಲ್ಲಿ ನಿಧಾನವಾಗಿ, ಒತ್ತಡ ಕೂಡಿಸಿಕೊಂಡು, ರೆಕ್ಕೆಗಳನ್ನು ಸಮವಾಗಿ ತಲುಪುತ್ತದೆ. ಎರಡನೆಯ ಮಹಾಯುದ್ಧದ ಪಿ-51 ಮಸ್ಟಾಂಗ್ ವಿಮಾನದ ಹೊಟ್ಟೆಯ ಕೆಳಗೆ ಕಾಣುವ ಆ ಡೊಳ್ಳು ಇದೇ ಉಪಾಯ, ಒಳಗೆ ರೇಡಿಯೇಟರ್ ಇತ್ತು.

ಒಳಗೆ ಬಂದ ಗಾಳಿಗೆ ಹೊರಗೆ ಹೋಗುವ ಬಾಗಿಲೂ ಬೇಕಲ್ಲ. ಬಾನೆಟ್ಟಿನ ಹಿಂಬದಿಯ ಕೀಲಿನ ಕೆಳಗೆ ವಾಷರ್ ಹಾಕಿ ಎರಡು ಬೆರಳು ಎತ್ತಿಡುವ ಒಂದು ಚಾಳಿಯಿದೆ. ನೋಡಲು ಗತ್ತಾಗಿರುತ್ತದೆ. ಆದರೆ ವೇಗದಲ್ಲಿ ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚು. ಹೊರಹೋಗಲಿ ಎಂದು ಬಿಟ್ಟ ಸಂದಿಯಿಂದ ಗಾಳಿ ಒಳಗೇ ನುಗ್ಗಬಹುದು. ಬಾನೆಟ್ಟಿಗೆ ಕಿಂಡಿ ಕೊರೆಯುವುದಾದರೆ ರೇಡಿಯೇಟರಿನ ಹಿಂದೆಯೇ, ಬಾನೆಟ್ಟಿನ ಮುಂಭಾಗದಲ್ಲಿ, ಒತ್ತಡ ಕಡಿಮೆಯಿರುವ ಕಡೆ ಕೊರೆಯಬೇಕು. ಅನುಮಾನವಿದ್ದರೆ ಉಣ್ಣೆಯ ದಾರದ ತುಂಡುಗಳನ್ನು ಅಂಟಿಸಿ ಓಡಿಸಿ, ಪಕ್ಕದ ಕಾರಿನಿಂದ ಗೆಳೆಯರೊಬ್ಬರು ವಿಡಿಯೊ ತೆಗೆಯಲಿ. ದಾರ ಯಾವ ಕಡೆ ಬಾಗಿತು ಎಂಬುದರ ಮುಂದೆ ವಾದ ನಡೆಯುವುದಿಲ್ಲ.

ನಿಂತ ಕಾರಿಗೆ ಫ್ಯಾನೇ ಗಾಳಿ. ಫ್ಯಾನಿನ ಸುತ್ತ ರೇಡಿಯೇಟರನ್ನು ಪೂರ್ತಿ ಆವರಿಸುವ ಕವಚ ಇಲ್ಲದಿದ್ದರೆ, ರೆಕ್ಕೆ ತಿರುಗುವಷ್ಟು ಜಾಗ ಬಿಟ್ಟು ಉಳಿದ ಭಾಗ ದಂಡ. ಒಮ್ಮೆ ನನ್ನ ಕಾರಿಗೆ ಹೊಸ ಫ್ಯಾನ್ ಹಾಕಿಸಿದ್ದೆ. ಅಂದಿನಿಂದ ಟ್ರಾಫಿಕ್ಕಿನಲ್ಲಿ ಮುಂಚಿಗಿಂತ ಹೆಚ್ಚು ಬಿಸಿ! ವಾರವೆಲ್ಲ ತಲೆಕೆಡಿಸಿಕೊಂಡ ಮೇಲೆ ರೇಡಿಯೇಟರಿನ ಮುಂದೆ ಒಂದು ಹಾಳೆ ಹಿಡಿದೆ. ಒಳಗೆ ಸೆಳೆದು ಅಂಟಿಕೊಳ್ಳಬೇಕಾದ ಹಾಳೆ ನನ್ನ ಮುಖಕ್ಕೇ ಹಾರಿ ಬಂತು. ಎರಡು ತಂತಿಗಳು ಅದಲುಬದಲಾಗಿ ಫ್ಯಾನ್ ತಿರುವುಮುರುವಾಗಿ ತಿರುಗುತ್ತಿತ್ತು.

ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟವಾದ ಥರ್ಮೋಸ್ಟಾಟ್ ಕಿತ್ತು ಬಿಸಾಡಿ ಎಂಬ ಸಲಹೆಯನ್ನು ನೀವು ಕೇಳಿರುತ್ತೀರಿ. ದಯವಿಟ್ಟು ಕೇಳಬೇಡಿ. ಅದಿಲ್ಲದ ಎಂಜಿನ್ ತಣ್ಣನೆಯ ದಿನ ಹದಕ್ಕೆ ಬರಲು ಹೆಣಗುತ್ತದೆ, ಸವೆತ ಹೆಚ್ಚುತ್ತದೆ. ನೀರು ಬೇಗ ಹರಿದರೆ ಬಿಸಿ ಹೀರಲು ಪುರುಸೊತ್ತು ಸಿಗುವುದಿಲ್ಲ ಎಂಬುದೂ ಸುಳ್ಳೇ, ಹರಿವು ಹೆಚ್ಚಿದಷ್ಟೂ ಒಳ್ಳೆಯದು.

ರೇಡಿಯೇಟರಿನ ಮುಚ್ಚಳ ಎಲ್ಲಕ್ಕಿಂತ ಅಗ್ಗದ ಭಾಗ, ಎಲ್ಲರೂ ಮರೆಯುವ ಭಾಗವೂ ಹೌದು. ಅದರ ಸ್ಪ್ರಿಂಗು, ರಬ್ಬರು ಗಟ್ಟಿಯಾಗಿದ್ದು ಒಳಗೆ ಸುಮಾರು ಒಂದು ಬಾರ್ ಒತ್ತಡ ಹಿಡಿದರೆ, ಬರಿಯ ನೀರು ಕೂಡ 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಎಂಜಿನ್ನಿನ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಸುತ್ತಲಿನ ಲೋಹ ಉಳಿದೆಡೆಗಿಂತ ಬಿಸಿ. ಒತ್ತಡ ಸೋರಿದರೆ ನೀರು ಮೊದಲು ಕುದಿಯುವುದು ಅಲ್ಲೇ. ಆವಿ ಕಟ್ಟಿಕೊಂಡ ಕಡೆ ನೀರು ಲೋಹವನ್ನು ಮುಟ್ಟುವುದೇ ಇಲ್ಲ. ಕೂಲಂಟ್ ವಿಷಯದಲ್ಲಿ ಒಂದು ಮಾತು: ನೀರು ಹೆಪ್ಪುಗಟ್ಟದಂತೆ ಹಾಕುವ ಗ್ಲೈಕಾಲ್ ಬೆರೆಸಿದಷ್ಟೂ ಬಿಸಿ ಹೊರುವ ಶಕ್ತಿ ಇಳಿಯುತ್ತದೆ. ಚೆಲ್ಲಿದರೆ ನೆಲ ಜಾರುತ್ತದೆ ಎಂದು ಅನೇಕ ಟ್ರ್ಯಾಕ್‌ಗಳಲ್ಲಿ ಅದಕ್ಕೆ ಪ್ರವೇಶವೇ ಇಲ್ಲ. ಅಲ್ಲಿಗೆ ಶುದ್ಧ ನೀರು, ತುಕ್ಕು ತಡೆಯುವ ದ್ರಾವಣ ಸಾಕು. ಹಿಮ ಬೀಳುವ ಊರಿನ ರಸ್ತೆಗೆ ಮರಳುವ ಮುನ್ನ ಗ್ಲೈಕಾಲ್ ಮರಳಿ ತುಂಬಬೇಕು.

ಈಗ ಮುಳ್ಳಿನ ವಿಷಯ. ಕಾರ್ಖಾನೆಯಿಂದ ಬಂದ ಅನೇಕ ಕಾರುಗಳ ಉಷ್ಣತೆಯ ಮುಳ್ಳು ನಿಜ ಹೇಳುವುದಿಲ್ಲ. ಚಾಲಕ ಗಾಬರಿಯಾಗದಿರಲೆಂದು, ಉಷ್ಣತೆ ಎಷ್ಟೋ ಡಿಗ್ರಿ ಏರಿಳಿದರೂ ಅದು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ನಾನು ಮೋಸಹೋದದ್ದು ಮಾತ್ರ ಬೇರೆ ರೀತಿಯಲ್ಲಿ. ಒಂದು ಸಂಜೆ ಏರುದಾರಿಯಲ್ಲಿ ಮುಳ್ಳು ಮೇಲೇರಿತು. ಬಿಸಿ ಇಳಿಯಲೆಂದು, ಎಂಜಿನ್ನಿನ ಬಿಸಿನೀರಿನಿಂದಲೇ ಕಾಯುವ ಕಾರಿನ ಹೀಟರ್ ಹಾಕಿದೆ. ಸ್ವಲ್ಪ ಹೊತ್ತಿಗೆ ಮುಳ್ಳು ಸರ್ರನೆ ಇಳಿಯಿತು, ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ ಹೀಟರಿನಿಂದ ತಣ್ಣನೆಯ ಗಾಳಿ ಬರತೊಡಗಿತು. ನೀರಿನ ಹೋಸ್ ಒಡೆದು ನೀರೆಲ್ಲ ಖಾಲಿಯಾಗಿತ್ತು. ಸೆನ್ಸರ್ ಅಳೆಯುತ್ತಿದ್ದದ್ದು ನೀರನ್ನಲ್ಲ, ಬರಿದಾದ ಜಾಗವನ್ನು. ಆ ಎರಡು ನಿಮಿಷಕ್ಕೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಬಾಗಿತು. ಅಂದಿನಿಂದ ನನ್ನ ಕಾರಿನಲ್ಲಿ ಅಂಕಿ ತೋರಿಸುವ ಮಾಪಕಗಳಿವೆ. ನೀರಿನ ಉಷ್ಣತೆಗೊಂದು, ನೀರಿನ ಒತ್ತಡಕ್ಕೊಂದು, ಎಣ್ಣೆಗೊಂದು.

ಎಣ್ಣೆಯದು ನಿಧಾನದ ಸ್ವಭಾವ. ನೀರು ಹದಕ್ಕೆ ಬಂದು ಬಹಳ ಹೊತ್ತಿನ ಮೇಲೆ ಎಣ್ಣೆ ಬಿಸಿಯಾಗುತ್ತದೆ, ಬಿಸಿಯಾದದ್ದು ಬೇಗ ಇಳಿಯುವುದೂ ಇಲ್ಲ. ಟ್ರ್ಯಾಕಿನಲ್ಲಿ 120 ಡಿಗ್ರಿ ಕಂಡರೆ ನಾನು ಸುಮ್ಮನಿರುತ್ತೇನೆ, 135 ದಾಟಿದರೆ ಆಕ್ಸಿಲರೇಟರಿನಿಂದ ಕಾಲು ಎತ್ತುತ್ತೇನೆ. ಆಯಿಲ್ ಕೂಲರ್ ಹಾಕಿಸುವವರು ಅದಕ್ಕೊಂದು ಥರ್ಮೋಸ್ಟಾಟ್ ಹಾಕಿಸಲೇಬೇಕು. ಇಲ್ಲವಾದರೆ ದಿನನಿತ್ಯದ ಓಡಾಟದಲ್ಲಿ ಎಣ್ಣೆ ಸಾಕಷ್ಟು ಕಾಯದೆ, ಅದರಲ್ಲಿ ಸೇರಿದ ತೇವ ಆರದೆ ಉಳಿಯುತ್ತದೆ. ಟರ್ಬೊ ಕಾರಿನಲ್ಲಿ, ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ರೇಡಿಯೇಟರಿನ ಮುಂದೆ ನಿಂತಿದ್ದರೆ, ಹಿಂದಿರುವ ರೇಡಿಯೇಟರಿಗೆ ಸಿಗುವುದು ಮೊದಲೇ ಬೆಚ್ಚಗಾದ ಗಾಳಿ ಎಂಬುದೂ ಲೆಕ್ಕದಲ್ಲಿರಲಿ.

ಓಟ ಮುಗಿದ ಮೇಲೆ ಒಂದು ಸುತ್ತು ಮೆಲ್ಲಗೆ ಬನ್ನಿ. ಟರ್ಬೊ ಕೆಂಪಗೆ ಕಾದಿರುವಾಗಲೇ ಎಂಜಿನ್ ಆರಿಸಿದರೆ ಬೇರಿಂಗಿನಲ್ಲಿ ನಿಂತ ಎಣ್ಣೆ ಕರಿಕಟ್ಟುತ್ತದೆ. ಪಂಪು ನಿಂತೊಡನೆ ಲೋಹದ ಬಿಸಿ ನಿಂತ ನೀರಿಗೆ ಇಳಿಯುವುದರಿಂದ, ಆರಿಸಿದ ಮೇಲೆ ಅಂಕಿ ಇನ್ನೂ ಏರುವುದನ್ನು ಕಂಡು ಹೊಸಬರು ಬೆಚ್ಚುತ್ತಾರೆ. ಬಾನೆಟ್ ತೆರೆದಿಡಿ, ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಬೇಡಿ. ತೆರೆದ ಕ್ಷಣ ಒತ್ತಡ ಬಿದ್ದು ನೀರೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಮರುದಿನ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ರೇಡಿಯೇಟರಿನ ಮೇಲಿನ ಹೋಸನ್ನು ಕೈಯಲ್ಲಿ ಹಿಂಡಿ ನೋಡಿ. ಮೆತ್ತಗಿದ್ದರೆ ಸರಿ. ರಾತ್ರಿಯೆಲ್ಲ ನಿಂತ ಮೇಲೂ ಕಲ್ಲಿನಂತೆ ಬಿಗಿದುಕೊಂಡಿದ್ದರೆ ಸಿಲಿಂಡರಿನ ಅನಿಲ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಎಂಬ ಬಿಗಿಪಟ್ಟಿ ದಾಟಿ ನೀರಿಗೆ ಸೇರುತ್ತಿರುವ ಸಂಭವವಿದೆ. ಆಗ ದೊಡ್ಡ ರೇಡಿಯೇಟರಿನ ಬೆಲೆ ವಿಚಾರಿಸುವುದನ್ನು ಬಿಟ್ಟು, ಹೆಡ್ ಬಿಚ್ಚಬಲ್ಲ ಮೆಕ್ಯಾನಿಕ್ಕನ್ನು ಹುಡುಕಿ. ನಮಸ್ಕಾರ.