ದೇವರು, ಜೆರ್ಸಿ ಮತ್ತು ಜೊತೆ ಆಟಗಾರ

ಅಧ್ಯಕ್ಷರೇ, ಕೆಲಸ ಮುಗಿಸಿ ಲೋಕಲ್ ಹಿಡಿದು ಮಾಟುಂಗಾಕ್ಕೆ ಬಂದಿರುವ ಬಂಧುಗಳೇ,

ಕಬಡ್ಡಿಯಲ್ಲಿ ರೈಡಿಗೆ ಹೊರಟವನು ಬಗ್ಗಿ ಮಧ್ಯಗೆರೆ ಮುಟ್ಟಿ, ಆ ಬೆರಳನ್ನು ಹಣೆಗೂ ಎದೆಗೂ ಒತ್ತಿಕೊಂಡು ಎದುರಾಳಿಯ ಅಂಕಣಕ್ಕೆ ಕಾಲಿಡುವುದನ್ನು ನೀವು ನೋಡಿದ್ದೀರಿ. ಆಟದಿಂದ ದೇವರನ್ನು ದೂರವಿಡಿ ಎನ್ನಲು ನಾನು ಬಂದಿಲ್ಲ. ಅದು ಆಗುವ ಹೋಗುವ ಮಾತೂ ಅಲ್ಲ. ನಂಬಿಕೆ ನನ್ನ ನಡತೆಗೆ ಕಟ್ಟಳೆ ಹಾಕಲಿ, ಜೊತೆಯವನು ಸಲಿಂಗಿ ಎಂದು ಅವನ ಜಾಗ ಕಸಿಯುವುದು ಬೇಡ. ಹೇಳಬೇಕಾದದ್ದು ಇಷ್ಟೇ.

2022ರ ಜುಲೈನಲ್ಲಿ ಸಿಡ್ನಿಯ ಮ್ಯಾನ್ಲಿ ರಗ್ಬಿ ಲೀಗ್ ತಂಡ ಒಂದು ಪಂದ್ಯದ ಮಟ್ಟಿಗೆ ಜೆರ್ಸಿಯ ಬಿಳಿ ಅಂಚುಗಳಿಗೆ ಲೈಂಗಿಕ ಅಲ್ಪಸಂಖ್ಯಾತರ ಗುರುತಾದ ಕಾಮನಬಿಲ್ಲಿನ ಬಣ್ಣ ಕೊಟ್ಟಿತು. ಆಟಗಾರರನ್ನು ಮೊದಲೇ ಒಂದು ಮಾತು ಕೇಳಲಿಲ್ಲ. ಏಳು ಮಂದಿ ಧರ್ಮದ ಕಾರಣ ಕೊಟ್ಟು ಹಿಂದೆ ಸರಿದರು. ಕೋಚ್ ಡೆಸ್ ಹ್ಯಾಸ್ಲರ್ ಪತ್ರಕರ್ತರ ಮುಂದೆ ಕುಳಿತು ಆ ಏಳು ಜನರಲ್ಲಿಯೂ, ಲೈಂಗಿಕ ಅಲ್ಪಸಂಖ್ಯಾತರಲ್ಲಿಯೂ ಕ್ಷಮೆ ಕೇಳಿದರು. ತಂಡ 20-10ರಿಂದ ಸೋತಿತು. ಇದೇ ಕ್ಲಬ್ಬಿಗೆ ಆಡಿದ ಇಯಾನ್ ರಾಬರ್ಟ್ಸ್ 1995ರಲ್ಲಿಯೇ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದ್ದರು! ಆ ಆಟದಲ್ಲಿ ಹಾಗೆ ಹೇಳಿದ ಮೊದಲಿಗರು ಅವರು. ಇಪ್ಪತ್ತೇಳು ವರ್ಷಗಳ ನಂತರ ಅವರದೇ ಕ್ಲಬ್ಬಿನ ಎಳೆಯ ಹುಡುಗನೊಬ್ಬ ಆ ವಾರ ಟಿವಿ ನೋಡುತ್ತಾ ಏನು ಅಂದುಕೊಂಡಿರಬಹುದು? ನನ್ನ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ಆ ಜೆರ್ಸಿ ತೊಡದವರನ್ನು ನಾನು ದೂಷಿಸುವುದಿಲ್ಲ. ಬಲವಂತದಿಂದ ತೊಡಿಸಿದ ಬಣ್ಣ ಆ ಹುಡುಗನಿಗೂ ಆಸರೆಯಾಗದು. ಆದರೆ ಅವನ ಪಕ್ಕ ನಿಂತು ಆಡುತ್ತೇವೆ ಎಂದು ಆ ಏಳು ಜನ ಗಟ್ಟಿಯಾಗಿ ಹೇಳಬೇಕಿತ್ತು.

ಆಸ್ಟ್ರೇಲಿಯಾದ ರಗ್ಬಿ ಆಟಗಾರ ಇಸ್ರೇಲ್ ಫೊಲಾವ್ ಅವರದು ಬೇರೆಯೇ ಸಂಗತಿ. ಸಲಿಂಗಿಗಳಿಗೆ ನರಕ ಕಾದಿದೆ ಎಂದು ಅವರು ಜಾಲತಾಣದಲ್ಲಿ ಬರೆದರು. 2019ರಲ್ಲಿ ಅಲ್ಲಿನ ಆಡಳಿತ ಸಂಸ್ಥೆ ರಗ್ಬಿ ಆಸ್ಟ್ರೇಲಿಯಾ ಅವರ ಒಪ್ಪಂದ ರದ್ದುಮಾಡಿತು. ತಾನು ತೊಡುವುದಿಲ್ಲ ಎನ್ನುವುದು ಒಂದು, ನಿನಗೆ ನರಕ ಎನ್ನುವುದು ಇನ್ನೊಂದು. ಮತ್ತೆ ಅದೇ ಮಾತಿಗೆ ಬರುತ್ತೇನೆ: ನಡತೆ ನಿಮ್ಮದು, ಜಾಗ ಅವನದು. 2024ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಕ್ರಿಸ್ಟಲ್ ಪ್ಯಾಲೆಸ್‌ನ ನಾಯಕ ಮಾರ್ಕ್ ಗೇಹಿ ಕಾಮನಬಿಲ್ಲಿನ ತೋಳಪಟ್ಟಿ ಕಟ್ಟಿಕೊಂಡು, ಅದರ ಮೇಲೆಯೇ ಯೇಸುವನ್ನು ಪ್ರೀತಿಸುತ್ತೇನೆ ಎಂದು ಬರೆದರು. ಕೆಲವರಿಗೆ ಅದು ಹಿಡಿಸಲಿಲ್ಲ. ನನಗೆ ಹಿಡಿಸಿತು, ಪಟ್ಟಿಯನ್ನು ಅವರು ಬಿಚ್ಚಿಡಲಿಲ್ಲವಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಮ್ಮ ದೇಶದ ಓಟಗಾರ್ತಿ ದ್ಯುತಿ ಚಂದ್ ಬಗ್ಗೆ ಬಹಳ ಹೇಳುವುದಿತ್ತು. 2019ರ ಮೇ ತಿಂಗಳಲ್ಲಿ ತನ್ನ ಸಂಗಾತಿ ಹೆಣ್ಣು ಎಂದು ಹೇಳಿದರು, ಸ್ವಂತ ಅಕ್ಕನೇ ತಿರುಗಿಬಿದ್ದರು. ಜುಲೈನಲ್ಲಿ ಇಟಲಿಯ ನಾಪೋಲಿಯಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ 100 ಮೀಟರ್ ಓಟವನ್ನು 11.32 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಸವದತ್ತಿಯಲ್ಲಿ ಎಲ್ಲಮ್ಮನ ಕೊಡ ಹೊತ್ತ ಜೋಗಪ್ಪನಿಗೆ ಕೈಮುಗಿಯುವ ಜನ ನಾವು; ಮಂಜಮ್ಮ ಜೋಗತಿಗೆ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟವರು. ಆ ಕೈ ಕಬಡ್ಡಿ ಅಂಕಣದಲ್ಲಿ ಏಕೆ ಹಿಂಜರಿಯಬೇಕು?

ಉಳಿದದ್ದನ್ನು ಬಿಡುತ್ತೇನೆ. ಮುಂಬಯಿಯ ನಮ್ಮ ಸಂಘಗಳ ಪಂದ್ಯಾವಳಿಯ ನಿಯಮಗಳಲ್ಲಿ ಎರಡು ಸಾಲು ಸೇರಿಸಿ: ಯಾರ ಒಲವನ್ನೂ ಹೀಯಾಳಿಸಿದವರಿಗೆ ಅಂಕಣವಿಲ್ಲ, ಯಾವ ಗುರುತನ್ನೂ ಆಟಗಾರರನ್ನು ಕೇಳದೆ ತೊಡಿಸುವುದಿಲ್ಲ. ಮುಂದಿನ ಕರಪತ್ರ ಅಚ್ಚಿಗೆ ಹೋಗುವ ಮೊದಲೇ ಇದಾಗಲಿ. ಪ್ರಶ್ನೆಗಳಿದ್ದರೆ ಕೇಳಿ.