ವಾಸನೆ ಹೋದರೂ ನೀರಿನ ಪರೀಕ್ಷೆ ಬಿಡಬೇಡಿ

ಕೇಳುಗರಿಗೆ ನಮಸ್ಕಾರ. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಪೆಟ್ರೋಲ್ ಬಂಕು, ಡೀಸೆಲ್ ಡಿಪೋಗಳ ಆಸುಪಾಸು ಹೊಲ, ಮನೆ, ಬೋರು ಇರುವವರು ಇವತ್ತು ಸ್ವಲ್ಪ ಲಕ್ಷ್ಯಗೊಟ್ಟು ಕೇಳಬೇಕು. ನಾನು ಹೇಳುವುದು ಒಂದೇ ಮಾತು. ನೆಲಕ್ಕೆ ಪೆಟ್ರೋಲ್ ಸೋರಿದ ಜಾಗವನ್ನು ಸ್ವಚ್ಛ ಮಾಡಿದ ಮೇಲೂ ಸುತ್ತಲಿನ ನೀರನ್ನು ಮಳೆಗಾಲದಲ್ಲೂ ಪರೀಕ್ಷಿಸಿ, ಬೇಸಿಗೆಯಲ್ಲೂ ಪರೀಕ್ಷಿಸಿ. ವಾಸನೆ ಹೋಯಿತೆಂದು ಬಿಡಬೇಡಿ.

ಹೆದ್ದಾರಿ ಪಕ್ಕದ ಒಂದು ಊರು, ಹೆಸರು ಬೇಡ. ಅಲ್ಲಿ ಬಂಕಿನ ನೆಲದೊಳಗಿನ ಟ್ಯಾಂಕು ತುಕ್ಕು ಹಿಡಿದು ಸೋರಿತ್ತು. ಟ್ಯಾಂಕು ಕಿತ್ತರು, ಪೆಟ್ರೋಲ್ ಕುಡಿದ ಎರೆಮಣ್ಣನ್ನು ಲಾರಿಗಟ್ಟಲೆ ಸಾಗಿಸಿದರು. ಸುತ್ತ ಕೊರೆದ ಪರೀಕ್ಷಾ ಕೊಳವೆಗಳಲ್ಲಿ ಸೆಪ್ಟೆಂಬರ್ ಮಳೆಯ ನಂತರ ನೀರು ಚೊಕ್ಕಾಗಿ ಬಂತು. ಕೊಳವೆ ಮುಚ್ಚಿಬಿಡೋಣ ಎಂದರು. ನಾನು ಬೇಡವೆಂದೆ. "ನೀರು ಚೊಲೋ ಬಂದೈತಲ್ರೀ, ಮತ್ಯಾಕ ಖರ್ಚು?" ಎಂದು ಊರಿನ ಹಿರಿಯರೂ ಕೇಳಿದರು. ಬೇಸಿಗೆ ನೋಡೋಣ ಎಂದು ಹಟ ಹಿಡಿದೆ.

ಏಪ್ರಿಲ್‌ನಲ್ಲಿ ನೀರಿನ ಮಟ್ಟ ಕುಸಿದಿತ್ತು. ಅಳತೆಯ ಟೇಪನ್ನು ಕೊಳವೆಗೆ ಇಳಿಬಿಟ್ಟೆವು. ಅದರ ತುದಿಗೆ ನೀರು ತಾಕಿದರೆ ಬಿಟ್ಟುಬಿಟ್ಟು ಕೂಗುತ್ತದೆ, ಎಣ್ಣೆ ತಾಕಿದರೆ ಒಂದೇ ಸಮನೆ ಕೂಗುತ್ತದೆ. ಅವತ್ತು ಒಂದೇ ಸಮನೆ ಕೂಗಿತು. ಬೈಲರ್, ಅಂದರೆ ಕೊಳವೆಯೊಳಗಿಂದ ನೀರು ಮೊಗೆಯುವ ಉದ್ದನೆಯ ಪಾತ್ರೆ, ಎತ್ತಿ ನೋಡಿದರೆ ನೀರಿನ ಮೇಲೆ ಬೆರಳಗಲ ಪೆಟ್ರೋಲ್! ಮಳೆಗಾಲದಲ್ಲಿ ನೀರು ಏರಿದಾಗ ಅದು ಕರಿಕಲ್ಲಿನ ಬಿರುಕುಗಳಲ್ಲಿ ನೀರಿನಡಿ ಸಿಕ್ಕಿಕೊಂಡಿತ್ತು. ನೀರು ಇಳಿದದ್ದೇ ತಡ, ಬಸಿದು ಹೊರಬಂತು.

ಇನ್ನೊಂದು ಸಂಗತಿ. ಬಂಕಿಗೆ ಅಂಟಿಕೊಂಡ ಮನೆಯ ಬೋರಿಗೆ ಏನೂ ಆಗಿರಲಿಲ್ಲ. ಹಳ್ಳದ ಕಡೆ ದೂರದ ಹೊಲದ ಬೋರು ನಾರುತ್ತಿತ್ತು. ಬಿರುಕು ಹೋದ ಕಡೆ ಪೆಟ್ರೋಲ್ ಹೋಗುತ್ತದೆ. "ನಮ್ಮದು ದೂರ ಐತ್ರಿ" ಎನ್ನುವವರಿಗೆ ನಾನು ಹೇಳುವುದಿಷ್ಟೇ: ಆದಿಲ್‌ಶಾಹಿಗಳು ಸುರಂಗ ಬಾವಿ ತೋಡಿ ನೆಲದೊಳಗೇ ನೀರು ನಡೆಸಿ ವಿಜಯಪುರಕ್ಕೆ ತಂದರು. ನೆಲದಡಿಯ ನೀರು ನಡೆಯುತ್ತದೆಂದು ನಮಗೆ ಬೇರೆಯವರು ಬಂದು ಕಲಿಸಬೇಕೆ?

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಪೆಟ್ರೋಲ್‌ನಲ್ಲಿ ಬೆಂಜೀನ್ ಇದೆ, ಅದು ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಅಂದರೆ ಒಂದು ಲಕ್ಷ ಲೀಟರ್ ನೀರಿಗೆ ಒಂದು ಗ್ರಾಂ. ಅಷ್ಟು ಕಡಿಮೆ ಇದ್ದಾಗ ಮೂಗಿಗೆ ತಿಳಿಯುವುದಿಲ್ಲ, ಅದಕ್ಕೇ ವಾಸನೆಯನ್ನು ನಂಬಬೇಡಿ ಎನ್ನುತ್ತಿದ್ದೇನೆ. ಕುದಿಸಿದರೆ ಸರಿಹೋಯಿತೆಂದೂ ತಿಳಿಯಬೇಡಿ, ಬೆಂಜೀನ್ ನೀರು ಬಿಟ್ಟು ಅಡುಗೆಮನೆಯ ಗಾಳಿಗೆ ಬರುತ್ತದೆ.

ಮಾದರಿ ತೆಗೆಯಲು ಬಂದವರು ಹಳೇ ಪ್ಲಾಸ್ಟಿಕ್ ಬಾಟಲಿ ತಂದರೆ ವಾಪಸು ಕಳಿಸಿ. 40 ಮಿಲಿಲೀಟರಿನ ಗಾಜಿನ ಸೀಸೆ ಬೇಕು. ಒಂದು ಗುಳ್ಳೆಯೂ ಇರದಂತೆ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ಯಬೇಕು. ಮಣ್ಣನ್ನು ಮೇಲಿಂದ ಕೆರೆದು ಒಯ್ದರೆ ಉಪಯೋಗವಿಲ್ಲ, ನೀರಿನ ಮಟ್ಟ ಏರಿಳಿಯುವ ಆಳದಿಂದಲೇ ತೆಗೆಯಬೇಕು. ಫಲಿತಾಂಶದ ಕಾಗದ ಕೈಗೆ ಬಂದಾಗ ಎರಡು ಕೇಳಿ: ಯಾವ ತಿಂಗಳಲ್ಲಿ ತೆಗೆದ ನೀರು, ಅವತ್ತು ನೀರು ಎಷ್ಟು ಆಳದಲ್ಲಿತ್ತು? ಸೆಪ್ಟೆಂಬರ್‌ನ ಕಾಗದ ಮಾತ್ರ ತೋರಿಸಿದರೆ, ಏಪ್ರಿಲ್‌ನದೂ ಬೇಕೆಂದು ಹೇಳಿ. ನಮಸ್ಕಾರ.